ಕಸ್ತೂರಿ ಅಕ್ಕೋರಿಗೆ ತಂದ ಹಿಮದ ಹೂ

ಕಸ್ತೂರಿ ಅಕ್ಕೋರು ಹೂ ಕಂಡರೆ ಮೊದಲು ಅದರ ಬುಡ ನೋಡುತ್ತಿದ್ದರು. ಬಣ್ಣ, ಎಸಳು, ಪರಿಮಳ ಎಲ್ಲ ಆಮೇಲೆ. ಬ್ಯಾಡಗಿಯ ನಮ್ಮ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಗಟಾರದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದರು. ಮೆಣಸಿನಕಾಯಿ ಲಾರಿಗಳು ಹಿಂದಿನಿಂದ ಎಷ್ಟೇ ಹಾರ್ನ್ ಹೊಡೆದರೂ ಏಳುತ್ತಿರಲಿಲ್ಲ. "ತಡೀರಿ, ಇದರ ಮನಿ ನೋಡಾಕತ್ತೇನಿ," ಎನ್ನುತ್ತಿದ್ದರು.

ಮನೆ ಎಂದರೆ ಗಿಡ ನಿಂತ ಜಾಗ. ಒಮ್ಮೆ ನಾನು ಮೋಟೆಬೆನ್ನೂರಿನ ಹೊಲದ ಬದುವಿನಿಂದ ಒಂದು ಗಿಡವನ್ನು ಬೇರುಸಹಿತ ಕಿತ್ತು ತಂದು, ಶಹಬ್ಬಾಸ್ ಅನ್ನಬಹುದೆಂದು ಅದರ ಹೆಸರು ಕೇಳುತ್ತ ಎದುರು ನಿಂತೆ. "ಮನಿ ಬಿಡಿಸಿಕೊಂಡು ಬಂದು ಹೆಸರು ಕೇಳತೀ ಏನು? ಮೊದಲ ಮನಿಗೆ ಮುಟ್ಟಿಸಿ ಬಾ," ಎಂದರು. ಬಿಸಿಲಲ್ಲಿ ಸೈಕಲ್ ತುಳಿದು ಹೋಗಿ ನೆಟ್ಟು ಬಂದೆ. ಅದು ಬದುಕಿತೇ ಎಂದು ವಾರದ ಮೇಲೆ ಕೇಳಿದರು. ನೋಡಿರಲಿಲ್ಲ. ಅದಕ್ಕೂ ಬೈಸಿಕೊಂಡೆ.

ಈಗ ನಾನು ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿದ್ದೇನೆ. ಮೂರು ವರ್ಷದ ಹಿಂದೆ ಹೆಂಡತಿಯೊಂದಿಗೆ ಹಿಮಾಲಯಕ್ಕೆ ಹೋದಾಗ, ಮರಗಳೇ ಇಲ್ಲದ ಎತ್ತರದಲ್ಲಿ ಒಂದು ಪುಟ್ಟ ಬಿಳಿ ಹೂ ಕಂಡಿತು. ಹಿಮವನ್ನೇ ಕಾಣದ ಅಕ್ಕೋರಿಗೆ ಒಯ್ಯೋಣವೆಂದು ಒಂದು ದಂಟು ಚಿವುಟಿ ಡೈರಿಯಲ್ಲಿ ಒತ್ತಿಟ್ಟೆ. ಬುಡ ನೋಡಲಿಲ್ಲ. ಫೋಟೊ ತೆಗೆಸಿಕೊಳ್ಳುವ ಗಡಿಬಿಡಿ.

ನಿವೃತ್ತರಾಗಿ ಹಾವೇರಿಯಲ್ಲಿ ತಂಗಿಯ ಜೊತೆಗಿದ್ದ ಅಕ್ಕೋರು, ಹತ್ತು ಎಸಳಿನ ಹೂ ಎಂದು ನಾನು ಕೊಟ್ಟದ್ದನ್ನು ಭೂತಗನ್ನಡಿ ಹಿಡಿದು ನೋಡಿದರು.

"ಹತ್ತು ಎಸಳು ಅಂತೀಯಲ್ಲೋ ಹುಚ್ಚಪ್ಪ. ಐದ ಅದಾವ, ಒಂದೊಂದೂ ನಡುವ ಸೀಳೈತಿ. ಎಲ್ಲಿ ನಿಂತಿತ್ತು ಇದು? ಒಣ ಕಲ್ಲಿನ ಸಂದಿನ್ಯಾಗೋ, ನೀರಿನ ದಂಡಿಗೋ? ಅದರ ಮ್ಯಾಲೆ ಹೆಸರು ಬ್ಯಾರೆ ಆಕ್ಕೈತಿ."

"ಕಲ್ಲಿನ ಸಂದಿನ್ಯಾಗರಿ," ಎಂದುಬಿಟ್ಟೆ.

ಖಾತ್ರಿಯಿಲ್ಲದ ಹೆಸರನ್ನು ಜನ್ಮದಲ್ಲಿ ಬರೆಯದವರು ನನ್ನ ಮಾತು ನಂಬಿ, ವಾರಗಟ್ಟಲೆ ಪುಸ್ತಕ ತಿರುವಿ, ಹೂವನ್ನು ರಟ್ಟಿಗೆ ಅಂಟಿಸಿ ಹೆಸರು ಬರೆದರು. "ನಮ್ಮ ಹುಡುಗ ತಂದಾನ," ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರಂತೆ.

ಮರುವರ್ಷ ಹೆಂಡತಿ ಮೊಬೈಲಿನಲ್ಲಿ ಹಳೆಯ ಫೋಟೊ ನೋಡುತ್ತಿದ್ದಾಗ ನನ್ನ ಬೂಟಿನ ಪಕ್ಕದಲ್ಲೇ ಆ ಹೂಗಳು ಕಂಡವು. ಹಿಮ ಕರಗಿ ಹರಿದ ನೀರು, ಕೆಸರು, ಅದರೊಳಗೆ ಹೂ. ಕಲ್ಲಿನ ಸಂದಿ ಎಲ್ಲಿಯೂ ಇರಲಿಲ್ಲ. ಬೀಜದ ಪೊಟ್ಟಣದ ಮೇಲಿನ ಹೆಸರು ತಪ್ಪಿದರೆ ರೈತನ ವರ್ಷವೇ ಹಾಳು ಎಂದು ಅಂಗಡಿಯ ಹುಡುಗರಿಗೆ ದಿನಾ ಉಪದೇಶ ಮಾಡುವವನು ನಾನು. ನಾಚಿಕೆಯಾಯಿತು. ಆದರೂ ಹೇಳಲು ಧೈರ್ಯ ಬರಲಿಲ್ಲ. ಅಕ್ಕೋರು ಹಾಸಿಗೆ ಹಿಡಿದಿದ್ದಾರೆಂದು ಅವರ ತಂಗಿ ಫೋನ್ ಮಾಡಿದಾಗ ಹೊರಟೆ.

"ಅಕ್ಕೋರ, ನಾ ಸುಳ್ಳ ಹೇಳಿದ್ದೆ. ಬುಡ ನೋಡಿರಲಿಲ್ಲ," ಎಂದು ಫೋಟೊ ಹಿಡಿದೆ. ಅವರ ಕಣ್ಣು ಆಗಲೇ ಮಂಜಾಗಿತ್ತು. ಫೋಟೊದಲ್ಲಿ ಏನಿದೆ ಎಂದು ನನ್ನಿಂದಲೇ ಹೇಳಿಸಿದರು.

"ರಟ್ಟು ತಗೊಂಡು ಬಾ. ನಾ ಬರದ ಹೆಸರು ಹೊಡದ ಹಾಕು. ಈಗ ಹೇಳಿದಿಯಲ್ಲ, ನೀರು, ಕೆಸರು, ಅಷ್ಟ ಬರಿ."

ಬರೆದೆ. ಕೆಳಗೆ 'ನೋಡಿದವರು' ಎಂಬ ಸಾಲಿನಲ್ಲಿ ಅವರ ಕೈಬರಹದಲ್ಲಿ ನನ್ನ ಹೆಸರಿತ್ತು.

"ಅದನ್ನೂ ಹೊಡೀ," ಎಂದರು. "ಸಿಟ್ಟಲ್ಲಪಾ. ನೀ ನೋಡಿಲ್ಲ. ನೋಡಿ ಬಂದ ಮ್ಯಾಲೆ ಬರಿ."

ನನ್ನ ಕೈಯಿಂದಲೇ ನನ್ನ ಹೆಸರು ಹೊಡೆದೆ. ಹೊರಡುವಾಗ ರಟ್ಟನ್ನು ನನಗೇ ಕೊಟ್ಟರು. ಹದಿನೈದು ದಿನಕ್ಕೆ ಅಕ್ಕೋರು ತೀರಿಕೊಂಡರು.

ಈ ಬೇಸಿಗೆಯಲ್ಲಿ ಮತ್ತೆ ಹೋಗಿದ್ದೆ. ಹೂ ಕೀಳಲಿಲ್ಲ. ಕೆಸರಿನಲ್ಲಿ ಮೊಣಕಾಲೂರಿ ನೋಡಿದೆ, ಊರಿಗೆ ಬಂದು ನೋಡಿದವರ ಸಾಲಿನಲ್ಲಿ ನನ್ನ ಹೆಸರು ಬರೆದೆ. ಪುಸ್ತಕಗಳನ್ನು ತಿರುವಿದ ಮೇಲೆ ಹೂವಿನ ಹೆಸರೂ ಸಿಕ್ಕಿದೆ ಅನ್ನಿಸುತ್ತದೆ. ಅದನ್ನು ಮಾತ್ರ ಇನ್ನೂ ಬರೆದಿಲ್ಲ. ತಪ್ಪಾದರೆ ಬೈಯುವವರು ಈಗ ಯಾರೂ ಇಲ್ಲ.