ಯೂದನಿಗೆ ಒನ್ಸ್ ಮೋರ್

ಮೊನ್ನೆ ಶ್ರೀರಂಗಪಟ್ಟಣದಲ್ಲಿ ನಾಟಕದ ಸಾಮಾನು ಬಾಡಿಗೆಗೆ ಕೊಡುವ ಅಂಗಡಿಯ ಮುಂದೆ ಹಾಯುವಾಗ, ಗಡ್ಡ ಅಂಟಿಸುವ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ನನಗೆ ನಗು ತಡೆಯಲಾಗಲಿಲ್ಲ. ಬಸ್ಸಿಗೆ ಕಾಯುತ್ತಿದ್ದವರು ಒಂದು ಥರ ನೋಡಿದರು. ನೋಡಲಿ ಬಿಡಿ, ಅವರು ನನ್ನ ಸೋದರಮಾವ ಚೌರಪ್ಪನನ್ನು ಕಂಡವರಲ್ಲ.

ಮಾವ ಬಡಗಿ. ಗಂಜಾಂನ ನಮ್ಮ ಪುಟ್ಟ ಚರ್ಚಿಗೆ ಬೆಂಚು ಮಾಡಿಕೊಟ್ಟವನು. ಆದರೆ ಅವನ ಜೀವ ಇದ್ದದ್ದು ಪೌರಾಣಿಕ ನಾಟಕದಲ್ಲಿ. ಅರಕೆರೆ, ಬೂಕನಕೆರೆ, ಎಲ್ಲಿ ಹಾರ್ಮೋನಿಯಂ ಸದ್ದಾದರೂ ಅಲ್ಲಿ ಹಾಜರು. ನಮ್ಮ ಸೀಮೆಯ ರುಚಿ ನಿಮಗೆ ಗೊತ್ತಲ್ಲ, ದೇವರ ಪಾತ್ರಕ್ಕಿಂತ ಖಳನ ಪಾತ್ರಕ್ಕೇ ಕಿತ್ತಾಟ ಜಾಸ್ತಿ. ಹಾಗಾಗಿ ಒಂದು ವರ್ಷ ನಮ್ಮ ಚರ್ಚಿನ ಫಾದರ್ ಯೇಸುವಿನ ಪಾಡಿನ, ಅಂದರೆ ಶಿಲುಬೆಗೇರಿದ ಕಥೆಯ, ನಾಟಕ ಆಡಿಸಲು ಹೊರಟು, ಗುರುವನ್ನು ಹಿಡಿದುಕೊಡುವ ಯೂದನ ಪಾತ್ರಕ್ಕೆ ಚರ್ಚಿನವರು ಯಾರೂ ಒಪ್ಪದಿದ್ದಾಗ, ಮಾವ ಮೀಸೆ ತಿರುವಿಕೊಂಡೇ ಎದ್ದು ನಿಂತ.

ಆಗ ಪಾಂಡವಪುರದ ರೀತಮ್ಮನ ಜೊತೆ ಅವನ ಮದುವೆಯ ಮಾತು ನಡೆಯುತ್ತಿತ್ತು. ಹುಡುಗಿಯ ಅಪ್ಪ, "ಯೂದಂಗೆಲ್ಲ ಎಣ್ಣು ಕೊಡಾಕಾಯ್ತದಾ? ನಾಟ್ಕ ನೋಡಿ ಯೋಳ್ತೀನಿ" ಎಂದು ಹೇಳಿಕಳಿಸಿದರು. ಅಜ್ಜಿ ಅತ್ತು ಕರೆದರೂ ಮಾವ ಪಾತ್ರ ಬಿಡಲಿಲ್ಲ.

ತಾಲೀಮಿನಲ್ಲೇ ತಕರಾರು ಶುರುವಾಯಿತು. ಕೊನೆಯ ಊಟದ ದೃಶ್ಯದಲ್ಲಿ ಯೇಸು, ತನ್ನನ್ನು ಹಿಡಿದುಕೊಡುವವನು ಇಲ್ಲೇ ಕೂತಿದ್ದಾನೆ ಎನ್ನುತ್ತಲೇ ಮಾವ ಎದ್ದ.

"ಫಾದರ್, ಮೊದ್ಲೇ ಗೊತ್ತಿದ್ರೆ ತಡೀಬೋದಿತ್ತಲ್ವಾ? ಅಂಗೇ ಆಗ್ಬೇಕು ಅಂತ ಇದ್ಮೇಲೆ ಯೂದಂದೇನ್ ತಪ್ಪು?"

"ಗೊತ್ತಿರೋದು ಬೇರೆ, ಮಾಡಿಸೋದು ಬೇರೆ ಚೌರಪ್ಪ. ನಾಳೆನೂ ನೀನು ಲೇಟಾಗೇ ಬರ್ತೀಯ ಅಂತ ನನಗೆ ಗೊತ್ತು. ನಾನೇನು ನಿನ್ನ ಕಾಲು ಕಟ್ಟಿಹಾಕಿದೀನಾ?"

ಮರುದಿನ ಮಾವ ಎಲ್ಲರಿಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿದ್ದ. "ಈಗೇನಂತೀರಾ?"

"ನಾನು ದೇವರಲ್ಲ ಕಣಪ್ಪ" ಎಂದು ಫಾದರ್ ನಕ್ಕರು. ಮಾವನಿಗೆ ಸಮಾಧಾನವಾಗಲಿಲ್ಲ. ನನಗೂ ಆಗಿಲ್ಲ. ಆಮೇಲೆ ಈ ವಿಷಯದ ದಪ್ಪ ದಪ್ಪ ಪುಸ್ತಕ ಓದಿದೆ, ತಲೆ ಕೆಟ್ಟಿತು ಅಷ್ಟೆ.

ನಾಟಕದ ಸಂಜೆ ಅರಕೆರೆಯಿಂದ ಮಾವನ ಅಭಿಮಾನಿಗಳು ಟ್ರಾಕ್ಟರು ತುಂಬಿ ಬಂದರು. ಮುಂದಿನ ಸಾಲಲ್ಲಿ ರೀತಮ್ಮ, ಪಕ್ಕದಲ್ಲಿ ಅವಳಪ್ಪ. ಯೂದ ಬಂದ, ಯೇಸುವಿನ ಕೆನ್ನೆಗೆ ಮುತ್ತಿಟ್ಟ, ಆ ಗುರುತಿಗೆ ಸೈನಿಕರು ಯೇಸುವನ್ನು ಹಿಡಿದರು. ನಮ್ಮ ಚರ್ಚಿನವರೆಲ್ಲ ಗಳಗಳ ಅತ್ತರು. ಅಷ್ಟರಲ್ಲಿ ಅರಕೆರೆಯವರು ಶಿಳ್ಳೆ ಹೊಡೆದರು.

"ಒನ್ಸ್ ಮೋರ್! ಇನ್ನೊಂದ್ ಕಿತ ಕೊಡ್ಲಾ ಚೌರ!"

ಪೌರಾಣಿಕ ನಾಟಕದಲ್ಲಿ ಒನ್ಸ್ ಮೋರ್ ಎಂದರೆ ದೇವರಪ್ಪಣೆ. ಸತ್ತುಬಿದ್ದವನೂ ಎದ್ದು ಮತ್ತೆ ಹಾಡಬೇಕು. ಸೈನಿಕರು ಅಭ್ಯಾಸಬಲದಿಂದ ಯೇಸುವನ್ನು ಬಿಟ್ಟು ಹಿಂದೆ ಸರಿದರು. ಮಾವ ಮತ್ತೆ ನಡೆದು ಬಂದ. ಮುಖದ ಹತ್ತಿರ ಮುಖ ತಂದ. ನಿಂತುಬಿಟ್ಟ.

"ಆಗಾಕಿಲ್ಲ ಕಣ್ರಪ್ಪಾ. ಒಂದ್ ಕಿತ ಮಾಡಿದ್ದಕ್ಕೇ ಎದೆ ಸುಡ್ತಾದೆ" ಎಂದವನೇ ಯೇಸುವಿನ ಕಾಲಿಗೆ ಬಿದ್ದ. ಯೇಸುವಾಗಿದ್ದ ಟೈಲರ್ ಅವನನ್ನು ಎತ್ತಿ ತಬ್ಬಿಕೊಂಡ. ಚಪ್ಪಾಳೆಗೆ ಚಪ್ಪರ ಅಲುಗಿತು. ಫಾದರ್ ಕಣ್ಣೊರೆಸಿಕೊಂಡು ಪರದೆ ಎಳೆಸಿದರು. ರೀತಮ್ಮನ ಅಪ್ಪ, "ಇವ್ನ ಕೈಲಿ ಯೂದ ಆಗಕ್ಕೂ ಆಗ್ನಿಲ್ವಲ್ಲ" ಎಂದು ಗೊಣಗುತ್ತಲೇ ಮದುವೆಗೆ ಒಪ್ಪಿದರು.

ಮೊನ್ನೆ ಅಂಗಡಿಯಿಂದ ನೆಟ್ಟಗೆ ಮಾವನ ಮನೆಗೇ ಹೋದೆ. ಅವನು ಒಳಗೆ ಗೊರಕೆ ಹೊಡೆಯುತ್ತಿದ್ದ. "ಅವತ್ತು ಮಾವ ಅಂಗ್ ಮಾಡ್ತಾನೆ ಅಂತ ನಿಂಗೆ ಗೊತ್ತಿತ್ತಾ ಅತ್ತೆ?" ಎಂದು ರೀತತ್ತೆಯನ್ನು ಕೇಳಿದೆ.

"ಗೊತ್ತಿತ್ತು ಕಣವ್ವಾ" ಎಂದಳು. "ಆದ್ರೂವೆ, ಅವ್ರು ಆಗಾಕಿಲ್ಲ ಅನ್ನೋಗಂಟ ಉಸ್ರು ಬಿಗಿ ಇಡ್ಕಂಡಿದ್ದೆ."

ಈ ಶುಭ ಶುಕ್ರವಾರ ಚರ್ಚಿನಲ್ಲಿ ಪಾಡಿನ ಕಥೆ ಓದುವ ಸರದಿ ನನ್ನದಾಗಿತ್ತು. ಯಾವಾಗಲೂ ಯೂದನ ಭಾಗವನ್ನು ಗಡಿಬಿಡಿಯಲ್ಲಿ ಓದಿ ಮುಗಿಸುತ್ತಿದ್ದವಳು, ಅವನು ಮುತ್ತಿಡುವ ಸಾಲಿನ ಹತ್ತಿರ ಬಂದು ನಿಂತೆ. ಮುಂದಿನದು ಬಾಯಿಪಾಠ. ಆದರೂ, ಈ ಸಲವಾದರೂ ಯೂದ ಒಲ್ಲೆ ಅಂದಾನೇನೋ ಎಂದು ಒಂದು ಗಳಿಗೆ ಕಾದೆ.