ನೋವು ಬರಿಸಿಕೊಂಡ ದಿನ

ಎಂಟನೇ ತಿಂಗಳಲ್ಲಿ ನನ್ನ ಕಾಲುಂಗುರಗಳು ಬೆರಳೊಳಗೆ ಹೂತುಹೋದವು. ಅವ್ವ ಸೋಪು ಹಚ್ಚಿ ಎಳೆದರೂ ಬರಲಿಲ್ಲ. ಚೊಚ್ಚಲ ಹೆರಿಗೆಗೆಂದು ಬುಕ್ಕಸಾಗರದ ತವರಿಗೆ ಬಂದಿದ್ದೆ. ಬಸುರಿಯರ ಕಾಲು ಊದುವುದು ಇದ್ದದ್ದೇ ಎಂದರು ಎಲ್ಲರೂ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಕೂತು ಭತ್ತದ ಗದ್ದೆ ನೋಡುತ್ತಿದ್ದಾಗ ಹಸಿರಿನ ಮೇಲೆ ಬೆಳ್ಳಿ ಚುಕ್ಕೆಗಳು ಹಾರಾಡತೊಡಗಿದವು. ಚೆಂದ ಇವೆಯಲ್ಲ ಎಂದು ನೋಡುತ್ತಲೇ ಇದ್ದೆ. ಆಮೇಲೆ ತಲೆ ಸಿಡಿಯತೊಡಗಿತು. ಅವ್ವ ನನ್ನನ್ನು ಪಕ್ಕದ ಮನೆಯವರ ಜೀಪಿಗೆ ಹತ್ತಿಸಿ ಹೊಸಪೇಟೆಯ ನರ್ಸಿಂಗ್ ಹೋಮಿಗೆ ಕರೆದೊಯ್ದಳು.

ಡಾಕ್ಟರಮ್ಮ ತೋಳಿಗೆ ಬಿಪಿ ಪಟ್ಟಿ ಸುತ್ತಿ ನೋಡಿದರು, ಬಿಚ್ಚಿ ಮತ್ತೆ ಸುತ್ತಿದರು. ಮೂತ್ರ ಪರೀಕ್ಷೆ ಮಾಡಿಸಿದರು. ಬಸುರಿನ ನಂಜು ಏರಿದೆ, ಕೂಸು ಹೊರಗೆ ಬಂದರೇನೇ ಇದು ಇಳಿಯುವುದು ಎಂದರು. ಕೂಸಿನ ಉಸಿರು ಗಟ್ಟಿಯಾಗಲೆಂದು ಇಂಜೆಕ್ಷನ್ ಕೊಟ್ಟು ಎರಡು ದಿನ ಕಾದರು. ನನಗೆ ಫಿಟ್ಸ್ ಬರಬಾರದೆಂದು ಹಾಕಿದ ಔಷಧಿ ನರದೊಳಗೆ ಇಳಿದಾಗ ಮೈಯೆಲ್ಲ ಬಿಸಿನೀರು ಹರಿದಂತಾಯಿತು. ಮಂಚ ತುಂಗಭದ್ರೆಯ ಮೇಲಿನ ಹರಿಗೋಲಿನಂತೆ ಮೆಲ್ಲಗೆ ತಿರುಗುತ್ತಿತ್ತು. ಹೊರಗೆ ಅದಿರು ಲಾರಿಗಳ ಸದ್ದು ನೀರೊಳಗಿಂದ ಕೇಳಿದ ಹಾಗೆ ಕೇಳುತ್ತಿತ್ತು.

ಸಂಡೂರಿನ ಗಣಿಯಲ್ಲಿ ಅದಿರು ಅಗೆಯುವ ಪೊಕ್ಲೇನ್ ಯಂತ್ರ ಓಡಿಸುತ್ತಿದ್ದ ನನ್ನ ಗಂಡ ತನ್ನೂರು ಬಂಡ್ರಿಯಿಂದ ಅತ್ತೆಯನ್ನು ಕರೆದುಕೊಂಡು ಬಂದ. ಅವನ ಹುಬ್ಬಿನವರೆಗೂ ಗಣಿಯ ಕೆಂಪು ಧೂಳು. ಎಲ್ಲರೂ ಮಂಚದ ಸುತ್ತ ನಿಂತರು.

"ಎರಡು ದಾರಿ ಅದಾವು. ಮದ್ದು ಇಟ್ಟು ನೋವು ಬರಿಸಬಹುದು, ಆದ್ರ ಒಂದು ದಿನ ಹಿಡೀಬಹುದು, ಬರದನೂ ಇರಬಹುದು. ಆಪರೇಷನ್ ಜಲ್ದಿ ಮುಗೀತದ, ಆದ್ರ ಗಾಯ ಮಾಯಬೇಕು, ಮುಂದಿನ ಹೆರಿಗಿಗೂ ಅದರ ಕಾಳಜಿ ಇರ್ತದ. ಈಗ ಬಿಪಿ ಹತೋಟ್ಯಾಗ ಐತಿ, ಎರಡೂ ನಡೀತದ," ಎಂದರು ಡಾಕ್ಟರಮ್ಮ.

"ಹೊಟ್ಟಿ ಕೊಯ್ಯೋದು ಬ್ಯಾಡ್ರಿ," ಎಂದಳು ಅವ್ವ.

ಅತ್ತೆ ಹಳೆಯ ಕಾಲದವಳು. ಅವಳೂ ಅದನ್ನೇ ಹೇಳುತ್ತಾಳೆಂದುಕೊಂಡಿದ್ದೆ.

"ಕೊಯ್ರಿ. ನಮ್ಮ ಅಕ್ಕ ಹಿಂಗ ನಂಜಾಗಿ, ನೋವು ತಿನಕೋತ ಮೂರ್ಛಿ ಬಂದು ಹ್ವಾದ್ಲು. ನಾ ಅಕಿ ಕಾಲು ಹಿಡಕೊಂಡು ಕುಂತಿದ್ದೆ," ಎಂದಳು ಅತ್ತೆ.

ಈ ಅಕ್ಕನ ಸುದ್ದಿ ನನ್ನ ಗಂಡನೂ ಕೇಳಿರಲಿಲ್ಲ. ಅವ್ವ ಅತ್ತೆಯ ಕೈ ಹಿಡಿದುಕೊಂಡಳು.

"ನಿನಗ ಹ್ಯಾಂಗ ಅನಸ್ತೈತಿ?" ಎಂದು ಗಂಡ ಕೇಳಿದ.

ತೇಲುತ್ತಿದ್ದ ನನಗೆ ಕೂಸು ಒಳಗೆ ಮಗ್ಗಲು ಬದಲಿಸಿದ್ದು ತಿಳಿಯಿತು. ಪಾಪ, ಅದಕ್ಕೆ ಇನ್ನೂ ನಿದ್ದೆ. ಇವತ್ತೇ ಬರಬೇಕೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಹಠಾತ್ತನೆ ಹೊದಿಕೆ ಎಳೆಯುವ ಬದಲು ನೋವು ಅದನ್ನು ಮೆಲ್ಲಗೆ ತಟ್ಟಿ ಎಬ್ಬಿಸಲಿ ಎನಿಸಿತು. ಅತ್ತೆಯ ಮುಖ ನೋಡಿದರೆ ಅಷ್ಟೇ ಹೇಳಿ ಸುಮ್ಮನಾಗಲು ಮನಸ್ಸಾಗಲಿಲ್ಲ.

"ನೋವು ಬರಸ್ರಿ. ಬಿಪಿ ಏರಿದ್ರ, ಕೂಸು ಸೋತ್ರ, ನನ್ನ ಕೇಳಬ್ಯಾಡ್ರಿ, ಆಪರೇಷನ್ ಮಾಡಿಬಿಡ್ರಿ," ಎಂದೆ.

ಅತ್ತೆ ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಮಂಚದ ಕೆಳತುದಿಗೆ ಹೋಗಿ ನಿಂತು ನನ್ನ ಕಾಲು ಹಿಡಿದಳು.

ಮದ್ದು ಇಟ್ಟ ದಿನವೆಲ್ಲ ಏನೂ ಆಗಲಿಲ್ಲ. ಮರುದಿನ ಡ್ರಿಪ್ ಹಚ್ಚಿದ ಮೇಲೆ ನೋವು ಬಂತು. ತಟ್ಟಿ ಎಬ್ಬಿಸುವ ನೋವಲ್ಲ, ಬೆನ್ನು ಮುರಿಯುವ ನೋವು. ನಡುವೆ ಒಮ್ಮೆ ಬಿಪಿ ಏರಿ, ನರ್ಸ್ ಆಪರೇಷನ್ ಕೋಣೆಯ ದೀಪ ಹಾಕಿಸಿದ್ದೂ ಆಯಿತು. ಔಷಧಿ ಕೊಟ್ಟ ಮೇಲೆ ಇಳಿಯಿತು. ಮಧ್ಯಾಹ್ನ ಮಗಳು ಹುಟ್ಟಿದಳು. ಬೆಕ್ಕಿನ ಮರಿಯಂತೆ ಒಮ್ಮೆ ಕೂಗಿದಳು. ಮುಖ ನೋಡುವ ಮೊದಲೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ನನ್ನ ಬಿಪಿ ಮಾತ್ರ ಇನ್ನೂ ಕೆಲವು ದಿನ ಇಳಿಯಲಿಲ್ಲ.

ಕೂಸನ್ನು ಪೆಟ್ಟಿಗೆಯಿಂದ ತೆಗೆದು ಎದೆಗೆ ಒತ್ತಿಕೊಂಡರೆ ಬೆಚ್ಚಗಿರುತ್ತದೆ ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು. ನನಗೆ ಇನ್ನೂ ಎದ್ದು ಕೂರಲು ಆಗುತ್ತಿರಲಿಲ್ಲ. ಅತ್ತೆ ಗೋಡೆಗೆ ಒರಗಿ ಕೂತು, ಕುಪ್ಪಸದ ಗುಂಡಿ ಬಿಚ್ಚಿ, ಮೊಮ್ಮಗಳನ್ನು ಎದೆಯ ಮೇಲೆ ಮಲಗಿಸಿಕೊಂಡು ಸೆರಗು ಹೊದಿಸಿದಳು.

"ಉಸಿರಾಡಾಕ ಹತ್ಯಾಳೇನ್ ಅತ್ತಿ?" ಎಂದು ಮಂಚದಿಂದಲೇ ಕೇಳಿದೆ.

"ಭಾಳ ಚಂದ ಆಡಾಕ ಹತ್ಯಾಳ. ನೀ ಮಲಕ್ಕೊ," ಎಂದಳು.