ಮೊಪೆಡ್ ಮೇಲೆ ನೂರು ಜಿಬಿ

ಬೆಳಗಿನ ಐದೂವರೆ. ರಾವಂದೂರಿನ ಮಾಯಮ್ಮ ಹಿತ್ತಿಲ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಪಕ್ಕದಲ್ಲಿ ಮೊರ, ಮೊರದಲ್ಲಿ ಹಳೇ ಪಂಚೆ, ಪಂಚೆಯ ಮೇಲೆ ದುಂಡಗಿನ ಒಂಬತ್ತು ವಸ್ತು ಹರಡಿವೆ. ಮಬ್ಬುಗತ್ತಲಲ್ಲಿ ನನಗೆ ಹಪ್ಪಳವೆಂದೇ ಕಂಡಿತು. ಉದ್ದಿನದೋ ಅಕ್ಕಿಯದೋ ಎಂದು ಕೇಳಿಯೂಬಿಟ್ಟೆ.

"ಕಾರ್ ಓಡ್ಸೋದು ಕಣ್ರೀ," ಎನ್ನುತ್ತಾರೆ ಮಾಯಮ್ಮ.

ಅವು ವಿಡಿಯೊ ಗೇಮ್ ಡಿಸ್ಕ್‌ಗಳು. ಟಿವಿಗೆ ಸಿಕ್ಕಿಸಿ ಆಡುವ ಪೆಟ್ಟಿಗೆ ಇದೆಯಲ್ಲ, ಕನ್ಸೋಲ್, ಅದರೊಳಗೆ ಹಾಕುವಂಥವು. ಐವತ್ತೆರಡರ ಮಾಯಮ್ಮ ಇವನ್ನು ಮೊಪೆಡ್ಡಿನಲ್ಲಿ ಊರೂರಿಗೆ ಒಯ್ದು ಬಾಡಿಗೆಗೆ ಕೊಡುತ್ತಾರೆ, ವಾರ ಕಳೆದ ಮೇಲೆ ವಾಪಸ್ ತರುತ್ತಾರೆ. ವಾಪಸ್ ಬಂದದ್ದನ್ನು ತೊಳೆಯದೆ ಇನ್ನೊಬ್ಬರಿಗೆ ಕೊಡುವುದಿಲ್ಲ. "ಉಪ್ಪಿಟ್ಟು ತಿಂದ ಕೈಲೇ ಮುಟ್ಟಿರ್ತವೆ. ನಡುವಿಂದ ಅಂಚಿಗೆ ಒರೆಸ್ಬೇಕು. ಸುತ್ತ ತಿರುಗ್ಸಿ ಒರೆಸುದ್ರೆ ಗೀರು ಬಿದ್ದು ಆಟ ಅಲ್ಲೇ ನಿಂತೋಯ್ತದೆ," ಎಂದು ನನಗೂ ಒಂದು ಬಟ್ಟೆ ಕೊಡುತ್ತಾರೆ. ನಾನು ಒರೆಸಿದ್ದನ್ನು ಬೆಳಕಿಗೆ ಹಿಡಿದು ನೋಡಿ, ತಾವೇ ಮತ್ತೆ ಒರೆಸುತ್ತಾರೆ.

ಹಿಂದೆ ಹುಣಸೂರಿನ ಸಿ.ಡಿ. ಅಂಗಡಿಯೊಂದರಲ್ಲಿ ಹನ್ನೆರಡು ವರ್ಷ ಕಸ ಗುಡಿಸಿ, ಡಿಸ್ಕ್ ಜೋಡಿಸುವ ಕೆಲಸ. ಅಂಗಡಿ ಮುಚ್ಚಿದ ದಿನ ಮಾಲೀಕರು ಯಾರಿಗೂ ಬೇಡವಾದ ಒಂದು ಪೆಟ್ಟಿಗೆ ಡಿಸ್ಕನ್ನು ಇವರ ಕೈಗಿಟ್ಟರು. ಸಿನಿಮಾ ಇರಬೇಕೆಂದು ಮಾಯಮ್ಮ ಮನೆಯ ಡಿವಿಡಿ ಪ್ಲೇಯರಿಗೆ ಹಾಕಿದರು. "ಮೂರ್ ದಿನ ಕಾದೆ. ಹೆಸ್ರು ತೋರ್ಸೋದೂ ಬರ್ಲಿಲ್ಲ," ಎಂದು ನಗುತ್ತಾರೆ. ಡೇರಿ ಸೆಕ್ರೆಟರಿ ಮನೆಯ ಕನ್ಸೋಲಿನಲ್ಲಿ ಹಾಕಿದಾಗ ಕಾರು ಓಡಿತು. ಅವರೇ ಮೊದಲ ಗಿರಾಕಿ.

ಈಗ ಅರವತ್ತೊಂದು ಡಿಸ್ಕ್, ಮೂವತ್ನಾಲ್ಕು ಮನೆ. ಕೆ.ಆರ್. ನಗರದ ಕಡೆ ಹೊಸ ಅಗ್ರಹಾರದವರೆಗೂ ಮೊಪೆಡ್ ಹೋಗುತ್ತದೆ. ಎಲ್ಲರಿಗೂ ಬೇಕಾದದ್ದು ಟ್ರ್ಯಾಕ್ಟರಲ್ಲಿ ಬೇಸಾಯ ಮಾಡುವ ಆಟ. ಹೊಲದ ಕಡೆ ತಲೆ ಹಾಕದವರು ಅದನ್ನು ಹಗಲಿಡೀ ಆಡುತ್ತಾರಂತೆ. ಮಾಯಮ್ಮನ ಗಂಡ ತಿಮ್ಮಯ್ಯನವರಿಗೆ ಇದು ಬಗೆಹರಿಯದ ಒಗಟು. "ಉಳ್ತಾರೆ, ಬಿತ್ತಾರೆ, ಕುಯ್ತಾರೆ. ಒಂದ್ ಕಾಳಾದ್ರೂ ಮನೆಗ್ ಬಂದದಾ?"

ಇದೇ ತಿಮ್ಮಯ್ಯನವರು ಕಳೆದ ವರ್ಷ ಈ ವ್ಯಾಪಾರವನ್ನೇ ಮುಳುಗಿಸುವುದರಲ್ಲಿದ್ದರು. ಇವತ್ತಿನ ಕನ್ಸೋಲ್ ಡಿಸ್ಕಿನಲ್ಲಿ ಹಿಡಿಸುವುದು ಹೆಚ್ಚೆಂದರೆ ನೂರು ಜಿಬಿ. ಆಟಗಳೋ ಅದನ್ನು ಮೀರಿ ಊದಿಕೊಂಡಿವೆ. ಕೆಲವು ಎರಡು ಡಿಸ್ಕಿನಲ್ಲಿ ಬರುತ್ತವೆ: ಮೊದಲನೆಯದು ಆಟವನ್ನು ಕನ್ಸೋಲಿಗೆ ತುಂಬಿಸಿಕೊಳ್ಳಲು, ಎರಡನೆಯದು ಆಡಲು. "ಮೊದಲ್ನೇದು ಒಂದ್ಸಲ ಹಾಕುದ್ರೆ ಸಾಕು, ಆಮೇಲ್ ಬೇಕಾಗಲ್ಲ" ಎಂದು ಮಾಯಮ್ಮ ಗಿರಾಕಿಗೆ ಹೇಳುವುದು ತಿಮ್ಮಯ್ಯನವರ ಕಿವಿಗೆ ಬಿದ್ದಿದೆ. ಬೇಡದ ಡಿಸ್ಕನ್ನು ನಮ್ಮ ಕಡೆ ಏನು ಮಾಡುತ್ತಾರೆ? ಗಿಳಿ ಓಡಿಸಲು ಹೊಲದಲ್ಲಿ ನೇತುಹಾಕುತ್ತಾರೆ. ಅವರು ಕಟ್ಟಿದ ಆ ಮೊದಲನೇ ಡಿಸ್ಕ್ ಒಂದು ವಾರ ಮುಸುಕಿನ ಜೋಳದ ಮೇಲೆ ತಂತಿಯಲ್ಲಿ ತಿರುಗುತ್ತಿತ್ತು. ಮುಂದಿನ ಗಿರಾಕಿಗೆ ಅರ್ಧ ಆಟ ಕೈಯಲ್ಲಿ, ಅರ್ಧ ಹೊಲದಲ್ಲಿ.

"ಗಿಳಿ ಒಂದೂ ಬರ್ಲಿಲ್ಲ, ಅದ್ನೂ ಬರ್ಕೊಳಿ," ಎನ್ನುತ್ತಾರೆ ತಿಮ್ಮಯ್ಯ.

ಇನ್ನು ಕೆಲವು ಆಟಗಳಲ್ಲಿ ಉಳಿದ ಭಾಗವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು. ಡಿಸ್ಕ್ ಹಾಕುವ ಬಾಯಿಯೇ ಇಲ್ಲದ ಕನ್ಸೋಲುಗಳೂ ಬಂದಿವೆ. ಮಾಯಮ್ಮನ ನಿಜವಾದ ಭಯ ಇದೇ. ಹಾರನಹಳ್ಳಿಯ ಶರತ್ ಅಂಥದ್ದನ್ನು ತಂದಿದ್ದಾನೆ. ಆಟದ ವಿಷಯದಲ್ಲಿ ಅಲ್ಲಿನ ಇನ್ನೂ ಆರು ಮನೆಯವರು ಅವನು ಮಾಡಿದಂತೆಯೇ ಮಾಡುವವರು. "ಅವ್ನು ಬುಟ್ರೆ ಆ ಏಳು ಮನೇನೂ ಓಯ್ತು. ಮಿಕ್ಕಿದ್ದಕ್ಕೆ ಪೆಟ್ರೋಲೂ ಗಿಟ್ಟಲ್ಲ, ನಿಲ್ಲಿಸ್ಬೇಕಾಯ್ತದೆ," ಎನ್ನುವಾಗ ಅವರ ಮುಖದ ನಗು ಇಳಿಯುತ್ತದೆ. ನನಗೂ ಸಂಕಟವಾಗುತ್ತದೆ.

ಅವನಿಗೆ ಕೊಟ್ಟಿದ್ದ ಕೊನೆಯ ಡಿಸ್ಕ್ ತರಲು ಇವತ್ತು ಹೋಗಬೇಕು. ನಾನೂ ಹಿಂದೆ ಕೂರುತ್ತೇನೆ.

ಹಾರನಹಳ್ಳಿಯಲ್ಲಿ ಬಾಗಿಲು ತೆಗೆದವರು ಶರತನ ಅಜ್ಜಿ ದೊಡ್ಡತಾಯಮ್ಮ. "ನಲವತ್ತಾರಾಗದೆ ಕಣವ್ವ," ಎಂದೇ ಸ್ವಾಗತ. ನೂರಮೂವತ್ತು ಜಿಬಿಯ ಆಟ ಹನ್ನೊಂದು ದಿನದಿಂದ ಇಳಿಯುತ್ತಿದೆ, ಇನ್ನೂ ಶೇಕಡಾ ನಲವತ್ತಾರು. ಮುದುಕಿ ದಿನಾ ಎದ್ದವರೇ ಅಂಕಿ ನೋಡುತ್ತಾರೆ. ಮೊನ್ನೆ ಕರೆಂಟು ಹೋದಾಗ ಎಲ್ಲ ಅಳಿಸಿಹೋಯಿತೇನೋ ಎಂದು ದೇವರಿಗೆ ಕಾಯಿ ಹರಕೆ ಹೊತ್ತಿದ್ದಾರೆ.

ಶರತ್ ತಲೆ ಕೆರೆದುಕೊಳ್ಳುತ್ತ ಬರುತ್ತಾನೆ. "ಮಾಯಕ್ಕ, ಡಿಸ್ಕ್ ಹಾಕೋ ಬಾಯ್ನ ಬೇರೆಯಾಗೇ ಮಾರ್ತಾರಂತೆ, ಇದುಕ್ಕೆ ಸಿಕ್ಕುಸ್ಬೋದು. ತರುಸ್ತಾ ಇವ್ನಿ. ಈ ಆಟ ನಿಮ್ತಾವ ಅದಾ?"

ಚೀಲದಲ್ಲೇ ಇದೆ. ಮಾಯಮ್ಮ ಅದನ್ನು ತೆಗೆದವರು, ಕೊಡುವ ಮೊದಲು ಸತ್ಯ ಹೇಳಿಬಿಡುತ್ತಾರೆ. "ಇದ್ರಲ್ಲೂ ಪೂರ್ತಿ ಇಲ್ಲ ಕಣಪ್ಪ. ಮೂವತ್ತು ನೀನೇ ಇಳಿಸ್ಕಬೇಕು."

"ನಿಜ್ವಾಗ್ಲೂ ನೂರು ಇದ್ರೊಳಗದಾ?" ಎಂದು ಶರತ್ ಎರಡೂ ಕೈಯಲ್ಲಿ ಈಸಿಕೊಳ್ಳುತ್ತಾನೆ.

ರಾವಂದೂರಿನಿಂದ ಆ ನೂರು ಜಿಬಿ ಬರಲು ಹಿಡಿದದ್ದು ಮುಕ್ಕಾಲು ಗಂಟೆ. ಅದರಲ್ಲಿ ಹತ್ತು ನಿಮಿಷ ನಾನು ಟೀ ಕುಡಿದದ್ದು.

ಹೊರಡುವಾಗ ಕೇಳುತ್ತೇನೆ: ಹಾಗಾದರೆ ಡಿಸ್ಕ್ ಎಷ್ಟು ಜಿಬಿಯದು ಇರಬೇಕು? ಮಾಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮೊಪೆಡ್ ಸ್ಟಾರ್ಟ್ ಮಾಡುತ್ತಾರೆ.

"ಲೆಕ್ಕ ನಂಗ್ ಗೊತ್ತಿಲ್ಲ ಕಣ್ರೀ. ಇಡೀ ಆಟ ಇಡಿಸೋ ಅಂಗೆ ಮಾಡ್ಕೊಡ್ಲಿ ಸಾಕು. ಅಳ್ಳಿಗೆ ತಂದು ಮುಟ್ಸೋಕೆ ನಾನಿವ್ನಿ."